ಅಮೆರಿಕದಲ್ಲಿ ಹೈಸ್ಕೂಲ್ ಗ್ರಾಜುಯೇಷನ್ ನೋಡಲು ಹೋಗುವವರಿಗೆ: ಟಿಕೆಟ್‌ನಿಂದ ಹಾರದವರೆಗೆ

ನಮ್ಮಲ್ಲಿ ಪಿಯುಸಿ ಮುಗಿದರೆ ಮುಗಿಯಿತು. ಫಲಿತಾಂಶ ಮೊಬೈಲಿಗೆ ಬರುತ್ತದೆ, ಅಂಕಪಟ್ಟಿ ಕಾಲೇಜಿನ ಕೌಂಟರಿನಲ್ಲಿ ಸಿಗುತ್ತದೆ, ಮನೆಯಲ್ಲಿ ಒಂದು ಪಾಯಸ ಆಗುತ್ತದೆ. ಅಮೆರಿಕದಲ್ಲಿ ಹಾಗಲ್ಲ. 12ನೇ ತರಗತಿ ಮುಗಿಸಿದ ಮಕ್ಕಳಿಗೆ ಗೌನು ತೊಡಿಸಿ, ಸಾವಿರಾರು ಜನರ ಎದುರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಕೈಕುಲುಕುತ್ತಾರೆ. ಇದನ್ನು ನೋಡಲೆಂದೇ ಮೈಸೂರಿನಿಂದ, ಹುಬ್ಬಳ್ಳಿಯಿಂದ ಅಜ್ಜ-ಅಜ್ಜಿಯರು ವಿಮಾನ ಹತ್ತಿ ಬರುತ್ತಾರೆ.

ಬಂದದ್ದು ಸಾರ್ಥಕವಾಗಬೇಕಾದರೆ ಒಂದು ಲೆಕ್ಕ ಮೊದಲೇ ಗೊತ್ತಿರಬೇಕು. ದೊಡ್ಡ ಸರ್ಕಾರಿ ಹೈಸ್ಕೂಲಿನಲ್ಲಿ ಒಂದು ವರ್ಷಕ್ಕೆ 500 ಮಕ್ಕಳು ಪಾಸಾಗುವುದು ಸಾಮಾನ್ಯ. ಒಂದು ಹೆಸರಿಗೆ ಸುಮಾರು 6 ಸೆಕೆಂಡ್ ಎಂದರೆ ಹೆಸರು ಓದುವುದಕ್ಕೇ 50 ನಿಮಿಷ. ಮೆರವಣಿಗೆ, ಭಾಷಣ, ಹಾಡು ಸೇರಿದರೆ ಒಂದೂವರೆಯಿಂದ ಎರಡು ಗಂಟೆ. ಅದರಲ್ಲಿ ನಿಮ್ಮ ಮಗುವಿನ ಪಾಲು ಆ 6 ಸೆಕೆಂಡ್. ಆ ಹೊತ್ತಿಗೆ ಅಜ್ಜಿಯ ಕಣ್ಣು ಸರಿಯಾದ ಕಡೆ ನೆಟ್ಟಿರಬೇಕು. ಮುಂದೆ ಬರೆದಿರುವ ಎಲ್ಲ ತಯಾರಿಯೂ ಅದಕ್ಕಾಗಿ.

ದಿನಾಂಕ ಮತ್ತು ಪ್ರಯಾಣ

ಟೆಕ್ಸಾಸ್‌ನಲ್ಲಿ ಮೇ ಕೊನೆಯ ಹೊತ್ತಿಗೆ, ಕ್ಯಾಲಿಫೋರ್ನಿಯಾದಲ್ಲಿ ಮೇ ಕೊನೆಯಿಂದ ಜೂನ್ ಮಧ್ಯದೊಳಗೆ, ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಜೂನ್ ಎರಡನೇ ಭಾಗದಲ್ಲಿ ಸಮಾರಂಭ ನಡೆಯುತ್ತದೆ. ಪಕ್ಕಪಕ್ಕದ ಎರಡು ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲೇ (ಶಾಲೆಗಳ ಆಡಳಿತ ವಲಯ) ವಾರದ ವ್ಯತ್ಯಾಸ ಇರಬಹುದು. ಹೀಗಾಗಿ ಸ್ನೇಹಿತರ ಮಗನ ದಿನಾಂಕ ನೋಡಿ ಟಿಕೆಟ್ ಬುಕ್ ಮಾಡಬೇಡಿ, ನಿಮ್ಮ ಶಾಲೆಯ ಕ್ಯಾಲೆಂಡರನ್ನೇ ನೋಡಿ.

ಹಿಮ ಬೀಳುವ ರಾಜ್ಯಗಳಲ್ಲಿ ಇನ್ನೊಂದು ತೊಡಕು ಇದೆ. ಚಳಿಗಾಲದಲ್ಲಿ ಹಿಮದಿಂದ ಶಾಲೆ ಮುಚ್ಚಿದ ದಿನಗಳನ್ನು ಜೂನ್‌ನಲ್ಲಿ ತುಂಬಿಕೊಡಬೇಕಾಗುತ್ತದೆ. ಆಗ ಗ್ರಾಜುಯೇಷನ್ ಕೂಡ ಎರಡು-ಮೂರು ದಿನ ಮುಂದಕ್ಕೆ ಹೋಗಬಹುದು. ಅಜ್ಜ-ಅಜ್ಜಿಯ ವಾಪಸ್ ಪ್ರಯಾಣವನ್ನು ಸಮಾರಂಭದ ಮರುದಿನಕ್ಕೇ ಇಟ್ಟುಕೊಂಡರೆ ಪೇಚಾಟ. ಬರುವುದು ಕನಿಷ್ಠ ಹತ್ತು ದಿನ ಮೊದಲೇ ಇರಲಿ. ಕ್ಯಾಲಿಫೋರ್ನಿಯಾದಲ್ಲಿ ಸಂಜೆ 7 ಎಂದರೆ ಊರಿನಲ್ಲಿ ಮರುದಿನ ಬೆಳಿಗ್ಗೆ 7:30. ಬಂದ ಮೂರನೇ ದಿನಕ್ಕೇ ಸಮಾರಂಭವಿದ್ದರೆ, ರಾತ್ರಿಯಿಡೀ ನಿದ್ದೆಗೆಟ್ಟವರಂತೆ ಬೆಂಚಿನ ಮೇಲೇ ತೂಕಡಿಕೆ ಬರುತ್ತದೆ.

ಟಿಕೆಟ್: ಎಷ್ಟು, ಯಾರಿಗೆ, ಯಾವ ಫೋನಿನಲ್ಲಿ

ಬಹಳಷ್ಟು ಶಾಲೆಗಳು ಒಬ್ಬ ವಿದ್ಯಾರ್ಥಿಗೆ ಇಷ್ಟೇ ಟಿಕೆಟ್ ಎಂದು ಮಿತಿ ಹಾಕುತ್ತವೆ. 4ರಿಂದ 8ರವರೆಗೆ ಸಿಗುವುದು ಸಾಮಾನ್ಯ. ಅಪ್ಪ, ಅಮ್ಮ, ತಂಗಿ, ಎರಡೂ ಕಡೆಯ ಅಜ್ಜ-ಅಜ್ಜಿ ಎಂದು ಎಣಿಸಿದರೆ ಅಲ್ಲಿಗೇ ಏಳು. ಕಂಕುಳಲ್ಲಿರುವ ಕೂಸಿಗೂ ಟಿಕೆಟ್ ಬೇಕೆನ್ನುವ ಶಾಲೆಗಳಿವೆ, ಕೇಳಿಕೊಳ್ಳಿ. ಹೆಚ್ಚುವರಿ ಬೇಕಾದರೆ ಸಣ್ಣ ಕುಟುಂಬವಿರುವ ಸಹಪಾಠಿಗಳನ್ನು ಮಗುವೇ ಏಪ್ರಿಲ್‌ನಲ್ಲಿ ಕೇಳಲಿ. ಕೊನೆಯ ವಾರ ಯಾರ ಬಳಿಯೂ ಉಳಿದಿರುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವುದನ್ನು, ಮಾರುವುದನ್ನು ಶಾಲೆಗಳು ಒಪ್ಪುವುದಿಲ್ಲ.

ಬಯಲು ಸ್ಟೇಡಿಯಂನಲ್ಲಿ ನಡೆಯುವ ಸಮಾರಂಭಕ್ಕೆ ಸಾಮಾನ್ಯವಾಗಿ ಮಳೆಗೆಂದೇ ಬದಲಿ ವ್ಯವಸ್ಥೆಯೊಂದು ಇರುತ್ತದೆ. ಮಳೆ ಬಂದರೆ ಜಿಮ್ (ಶಾಲೆಯ ಒಳಾಂಗಣ ಕ್ರೀಡಾಂಗಣ) ಒಳಗೆ ನಡೆಸುತ್ತಾರೆ, ಆಗ ಜಾಗ ಕಡಿಮೆ. ಹೊರಗೆ ಆರು ಟಿಕೆಟ್ ಕೊಟ್ಟ ಶಾಲೆ ಒಳಗೆ ಎರಡೇ ಕೊಡಬಹುದು, ಅದು ಬೇರೆ ಬಣ್ಣದ ಟಿಕೆಟ್. ಆ ಇಬ್ಬರು ಯಾರು ಎನ್ನುವುದನ್ನು ವಾರ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಮಳೆಯಲ್ಲಿ ಗೇಟಿನ ಮುಂದೆ ನಿಂತು ತೀರ್ಮಾನಿಸುವ ವಿಷಯವಲ್ಲ ಇದು. ದೂರದಿಂದ ಬಂದ ಅಜ್ಜಿಗೆ ಒಂದು ಟಿಕೆಟ್ ಬಿಟ್ಟುಕೊಟ್ಟು ಅಪ್ಪ ಮನೆಯಲ್ಲಿ ಲೈವ್ ನೋಡುವುದು ಎಷ್ಟೋ ಮನೆಗಳು ಕಂಡುಕೊಂಡ ದಾರಿ.

ಈಗ ಟಿಕೆಟ್ ಹೆಚ್ಚಾಗಿ ಫೋನಿಗೇ ಬರುತ್ತದೆ. ಎರಡು ಕಡೆ ಎಡವುತ್ತಾರೆ. ಒಂದು, ಗೇಟಿನ ಹತ್ತಿರ ಸಾವಿರಾರು ಫೋನ್ ಸೇರಿ ನೆಟ್‌ವರ್ಕ್ ಕುಸಿಯುತ್ತದೆ, ಟಿಕೆಟ್ ತೆರೆಯುವುದೇ ಇಲ್ಲ. ಮನೆಯಿಂದ ಹೊರಡುವ ಮುನ್ನವೇ ಫೋನಿನ ವಾಲೆಟ್‌ಗೆ ಸೇರಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಎಲ್ಲ ಕಡೆ ನಡೆಯುವುದಿಲ್ಲ. ಇನ್ನೊಂದು, ಅಜ್ಜನ ಫೋನಿನಲ್ಲಿ ಭಾರತದ ಸಿಮ್ ಇದ್ದು ಡೇಟಾ ಇರುವುದಿಲ್ಲ. ಅವರ ಟಿಕೆಟನ್ನು ಅವರ ಫೋನಿಗೆ ಕಳಿಸುವ ಬದಲು ಎಲ್ಲರದ್ದನ್ನೂ ಒಂದೇ ಫೋನಿನಲ್ಲಿ ಇಟ್ಟುಕೊಂಡು ಒಟ್ಟಿಗೇ ಒಳಹೋಗಿ.

ಹೆಸರು: ಕನ್ನಡದ ಮನೆಗಳು ತಪ್ಪುವ ಜಾಗ

ಮಕ್ಕಳನ್ನು ಸಾಮಾನ್ಯವಾಗಿ ಕೊನೆಯ ಹೆಸರಿನ ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಕರೆಯುತ್ತಾರೆ. ಕುಲಕರ್ಣಿ, ಹೆಗಡೆ, ಶೆಟ್ಟಿ ಮನೆತನದವರಿಗೆ ಗೊಂದಲವಿಲ್ಲ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಮನೆತನದ ಹೆಸರು ಎಂಬುದೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ನಿಲ್ಲುತ್ತವೆ. ಪಾಸ್‌ಪೋರ್ಟಿನ ಸರ್‌ನೇಮ್ ಖಾನೆಗೆ ಅಪ್ಪನ ಹೆಸರು ಹೋಗಿ ಕೂತಿರುತ್ತದೆ. ಹೊಸಹಳ್ಳಿ ಮಂಜುನಾಥ್ ಅವರ ಮಗಳು ಶಾಲೆಯಲ್ಲಿ ‘ಅನನ್ಯಾ ಮಂಜುನಾಥ್’. ಅಜ್ಜ ‘ಎಚ್’ ಬರುವುದನ್ನು ಕಾಯುತ್ತಾ ಕೂರುತ್ತಾರೆ, ಮೊಮ್ಮಗಳು ‘ಎಂ’ನಲ್ಲಿ ಬರುತ್ತಾಳೆ. ಶಾಲೆಯ ದಾಖಲೆಯಲ್ಲಿರುವ ಕೊನೆಯ ಹೆಸರು ಯಾವುದು ಎಂದು ಮಗುವನ್ನೇ ಕೇಳಿ, ಅಜ್ಜ-ಅಜ್ಜಿಗೆ ಹೇಳಿಡಿ.

ಇನ್ನು ಉಚ್ಚಾರಣೆ. ಪ್ರತಿ ವಿದ್ಯಾರ್ಥಿಯೂ ವೇದಿಕೆ ಹತ್ತುವಾಗ ಓದುವವರ ಕೈಗೆ ಹೆಸರಿನ ಕಾರ್ಡು ಕೊಡುವುದು ಹಳೆಯ ಪದ್ಧತಿ. ಅದರಲ್ಲಿ ಉಚ್ಚಾರಣೆ ಬರೆಯಲು ಒಂದು ಸಾಲು ಇರುತ್ತದೆ. ಕೆಲವು ಶಾಲೆಗಳು ಮೊದಲೇ ಮಗುವಿನ ದನಿಯಲ್ಲಿ ಹೆಸರನ್ನು ರೆಕಾರ್ಡ್ ಮಾಡಿಸಿಕೊಳ್ಳುತ್ತವೆ. ಆ ಸಾಲನ್ನು ಖಾಲಿ ಬಿಟ್ಟರೆ ಏನಾಗುತ್ತದೆ ನೋಡಿ. ‘ಸಹನಾ’ ಎನ್ನುವುದನ್ನು ನಡುವಿನ ಅಕ್ಷರ ಎಳೆದು ‘ಸಹಾನಾ’ ಎನ್ನುತ್ತಾರೆ. ದಕ್ಷಿಣದವರಾದ ನಾವು ‘ತ’ಕಾರಕ್ಕೆ ಇಂಗ್ಲಿಷಿನಲ್ಲಿ ಟಿ, ಎಚ್ ಎರಡೂ ಬರೆಯುತ್ತೇವೆ. ಅಮೆರಿಕದವರಿಗೆ ಆ ಜೋಡಿಯ ಸದ್ದೇ ಬೇರೆ, ನಾಲಿಗೆಯ ತುದಿ ಹಲ್ಲಿನ ನಡುವೆ ಬರುತ್ತದೆ. ‘ಗೀತಾ’ ಎಂಬುದು ‘ಗೀಥಾ’ ಆಗುವುದು ಹೀಗೆ. ಓದುವವರು ಬೇಕೆಂದು ತಪ್ಪುವುದಿಲ್ಲ. ಅವರ ಕಣ್ಣಿಗೆ ಬಿದ್ದ ಕಾಗುಣಿತ ಹಾಗೆ ಓದಿಸುತ್ತದೆ.

ಕಾರ್ಡಿನಲ್ಲಿ ಹೆಸರನ್ನು ತುಂಡು ತುಂಡಾಗಿ, ನಡುವೆ ಅಡ್ಡಗೆರೆ ಹಾಕಿ ಬರೆಯಿಸಿ. ಒತ್ತು ಬೀಳುವ ತುಂಡನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆಯಲಿ. ತಾಲೀಮಿನ ದಿನ ಮಗು ಓದುವವರ ಹತ್ತಿರ ಹೋಗಿ ಎರಡು ಸಲ ಹೇಳಿ, ಅವರಿಂದ ಒಮ್ಮೆ ಹೇಳಿಸಲಿ. ಹನ್ನೆರಡು ವರ್ಷ ತಪ್ಪು ಹೆಸರಿಗೆ ‘ಪರವಾಗಿಲ್ಲ’ ಎಂದುಕೊಂಡು ಬಂದ ಮಕ್ಕಳಿಗೆ ಇದನ್ನು ಕೇಳಲು ಸಂಕೋಚ. ಆ ಸಂಕೋಚ ಬಿಡಿಸುವುದು ಅಪ್ಪ-ಅಮ್ಮನ ಕೆಲಸ. ಸ್ಪೀಕರಿನಲ್ಲಿ ಮೊಮ್ಮಗಳ ಹೆಸರು ಮನೆಯಲ್ಲಿ ಕರೆದ ಹಾಗೇ ಕೇಳಿಬಂದಾಗ ಅಜ್ಜಿಗೆ ಬೇರೆ ಇಂಗ್ಲಿಷ್ ಯಾವುದೂ ಅರ್ಥವಾಗಬೇಕಿಲ್ಲ.

ಎಲ್ಲಿ ಕೂರಬೇಕು

ತಾಲೀಮು ಹಿಂದಿನ ದಿನ ಅಥವಾ ಅದೇ ದಿನ ಬೆಳಿಗ್ಗೆ ನಡೆಯುತ್ತದೆ. ಮುಗಿಸಿ ಬಂದ ಮಗುವನ್ನು ಮೂರು ಪ್ರಶ್ನೆ ಕೇಳಿ: ವೇದಿಕೆ ಯಾವ ಗ್ಯಾಲರಿಯ ಕಡೆ ಮುಖ ಮಾಡಿದೆ? ಮೆಟ್ಟಿಲು ಹತ್ತುವುದು ಯಾವ ಬದಿಯಿಂದ? ನಿನ್ನ ಸಾಲು, ಕುರ್ಚಿ ಎಷ್ಟನೆಯದು? ಒಂದು ಚೀಟಿಯಲ್ಲಿ ಗೀಚಿಕೊಡಲಿ.

ವಿದ್ಯಾರ್ಥಿಗಳು ಒಂದು ಬದಿಯಿಂದ ಹತ್ತಿ, ನಡುವೆ ಬಲಗೈಯಲ್ಲಿ ಕೈಕುಲುಕಿ, ಎಡಗೈಯಲ್ಲಿ ಡಿಪ್ಲೊಮಾ, ಅಂದರೆ ಪಾಸಾದ ಪ್ರಮಾಣಪತ್ರ, ತೆಗೆದುಕೊಂಡು ಇನ್ನೊಂದು ಬದಿಯಿಂದ ಇಳಿಯುತ್ತಾರೆ. ನಿಮ್ಮ ಎಡದಿಂದ ಹತ್ತುವುದಾದರೆ ವೇದಿಕೆಯ ಮಧ್ಯಕ್ಕಿಂತ ಸ್ವಲ್ಪ ಬಲಕ್ಕೆ ಕೂರಿ. ಮಗು ನಿಮ್ಮ ಕಡೆಗೇ ನಡೆದು ಬರುತ್ತದೆ, ಮುಖ ಕಾಣುತ್ತದೆ. ಹತ್ತುವ ಬದಿಯಲ್ಲಿ ಕೂತವರಿಗೆ ಸಿಗುವುದು ಗೌನಿನ ಬೆನ್ನು.

ತೀರ ಕೆಳಗಿನ ಸಾಲು ಒಳ್ಳೆಯದೆಂದು ಓಡಬೇಡಿ. ಮುಂದೆ ಫೋನ್ ಹಿಡಿದು ನಿಲ್ಲುವವರ ಬೆನ್ನೇ ಕಾಣುತ್ತದೆ. ಎಂಟು-ಹತ್ತನೇ ಸಾಲು ಹಿತ. ಸಂಜೆಯ ಸಮಾರಂಭವಾದರೆ ಸೂರ್ಯ ಎಲ್ಲಿ ಮುಳುಗುತ್ತಾನೆಂದು ನೋಡಿಕೊಳ್ಳಿ. ಜೂನ್ ಮೊದಲ ವಾರ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಸೂರ್ಯಾಸ್ತ ರಾತ್ರಿ 8:25ರ ಸುಮಾರಿಗೆ. ಪಶ್ಚಿಮಕ್ಕೆ ಮುಖ ಮಾಡಿ ಕೂತರೆ ಇಡೀ ಕಾರ್ಯಕ್ರಮ ಕಣ್ಣಿಗೆ ಬಿಸಿಲು ಹೊಡೆಯುತ್ತದೆ.

ಮೊಣಕಾಲು ನೋವಿರುವವರಿಗೆ ಈ ಗ್ಯಾಲರಿ ಕಷ್ಟ. ಅಲ್ಯೂಮಿನಿಯಂ ಬೆಂಚು, ಬೆನ್ನಿಗೆ ಆಸರೆಯಿಲ್ಲ, ಎಷ್ಟೋ ಕಡೆ ಹಿಡಿಯಲು ಕಂಬಿಯೂ ಇಲ್ಲ. ಅಂಗವಿಕಲರ ಹಕ್ಕಿನ ಕಾಯ್ದೆಯ ಪ್ರಕಾರ ಶಾಲೆಗಳು ವೀಲ್‌ಚೇರ್‌ನವರಿಗೆ, ಮೆಟ್ಟಿಲು ಹತ್ತಲಾಗದವರಿಗೆ ಸಮತಟ್ಟಾದ ಜಾಗ ಕೊಡಬೇಕು. ಜೊತೆಗೆ ಸಾಮಾನ್ಯವಾಗಿ ಒಬ್ಬರನ್ನು ಕೂರಿಸುತ್ತಾರೆ, ಇಡೀ ಮನೆಯವರನ್ನಲ್ಲ. ಎರಡು ವಾರ ಮೊದಲೇ ಶಾಲೆಯ ಕಚೇರಿಗೆ ಇಮೇಲ್ ಮಾಡಿ. ಕೆಲವು ಕಡೆ ಪಾರ್ಕಿಂಗ್‌ನಿಂದ ಪುಟ್ಟ ಗಾಲ್ಫ್ ಗಾಡಿಯಲ್ಲಿ ಕರೆದೊಯ್ಯುವ ಏರ್ಪಾಡೂ ಇರುತ್ತದೆ. ವೀಲ್‌ಚೇರ್ ಬೇಡವೆಂದು ಅಜ್ಜ ಪಟ್ಟು ಹಿಡಿದರೂ ಆ ಜಾಗವನ್ನು ಕೇಳಿಟ್ಟುಕೊಳ್ಳಿ.

ಬ್ಯಾಗು, ಬಟ್ಟೆ, ಹೊಟ್ಟೆ

ಅಮೆರಿಕದ ವೃತ್ತಿಪರ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್ 2013ರಲ್ಲಿ ತಂದ ಪಾರದರ್ಶಕ ಬ್ಯಾಗಿನ ನಿಯಮವನ್ನು ಈಗ ಬಹಳಷ್ಟು ಶಾಲೆಗಳು ಅನುಸರಿಸುತ್ತವೆ. ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಬ್ಯಾಗು, 12 ಇಂಚು ಉದ್ದ, 12 ಇಂಚು ಎತ್ತರ, 6 ಇಂಚು ಅಗಲ ಮೀರಬಾರದು. ಅಂಗೈಯಗಲದ ಪರ್ಸು, 4.5 ಇಂಚು ಗುಣಿಸು 6.5 ಇಂಚು, ಬಟ್ಟೆಯದ್ದಾದರೂ ನಡೆಯುತ್ತದೆ. ಅಜ್ಜಿಯ ಕಸೂತಿ ಚೀಲ, ಕ್ಯಾಮೆರಾ ಬ್ಯಾಗು ಗೇಟಿನಿಂದ ವಾಪಸ್ ಬರುತ್ತವೆ. ಕಾರು ಅರ್ಧ ಮೈಲಿ ದೂರದಲ್ಲಿರುತ್ತದೆ. ಮಾತ್ರೆ, ಇನ್ಸುಲಿನ್, ಸಕ್ಕರೆ ಕಾಯಿಲೆಯವರಿಗೆ ಬೇಕಾದ ಬಿಸ್ಕತ್ತು ಇವನ್ನು ಜಿಪ್ ಕವರಿಗೆ ಹಾಕಿ, ಔಷಧಿ ಎಂದು ಗೇಟಿನಲ್ಲೇ ಹೇಳಿ ತೋರಿಸಿ.

ರೇಷ್ಮೆ ಸೀರೆ ಉಡುವ ಆಸೆ ಸಹಜ, ಉಡಲೂಬೇಕು. ಜರಿ ತುಂಬಿದ ಭಾರದ ಸೀರೆಗಿಂತ ಮೈಸೂರು ಸಿಲ್ಕ್ ಒಳ್ಳೆಯದು. ಹಗುರ, ನೆರಿಗೆ ಹಿಡಿದ ಹಾಗೆ ನಿಲ್ಲುತ್ತದೆ. ಒಂದು ಇಂಚು ಮೇಲಕ್ಕೆ ಉಟ್ಟು ನೆರಿಗೆಗೆ ಪಿನ್ ಹಾಕಿ, ಸೆರಗನ್ನೂ ಪಿನ್ ಮಾಡಿ. ಗ್ಯಾಲರಿಯ ಹಲಗೆಗಳ ನಡುವೆ ಸಂದಿ ಇರುತ್ತದೆ. ಸೆರಗು ಸಿಕ್ಕಿಕೊಳ್ಳುತ್ತದೆ, ಫೋನು, ಕನ್ನಡಕ ಆ ಸಂದಿಯಿಂದ ಕೆಳಗಿನ ಕತ್ತಲಿಗೆ ಬೀಳುತ್ತವೆ. ಎತ್ತರದ ಹಿಮ್ಮಡಿ ಬೇಡ, ಅದು ಕೃತಕ ಹುಲ್ಲನ್ನು ಚುಚ್ಚುತ್ತದೆಂದು ಮೈದಾನಕ್ಕೇ ಬಿಡುವುದಿಲ್ಲ. ಕೂರಲು ಮಡಚುವ ಮೆತ್ತೆಯೊಂದು ಇರಲಿ, ಶಾಲೆ ಬಿಡುತ್ತದೆಯೇ ಎಂದು ಕೇಳಿಕೊಂಡು. ಬಿಸಿಲಲ್ಲಿ ಕಾದ ಅಲ್ಯೂಮಿನಿಯಂ ಸುಡುತ್ತದೆ. ಕ್ಯಾಲಿಫೋರ್ನಿಯಾ ಕರಾವಳಿಯ ಹತ್ತಿರದ ಊರುಗಳಲ್ಲಿ ಸೂರ್ಯ ಇಳಿದ ಕೂಡಲೇ ಗಾಳಿ ತಣ್ಣಗಾಗುತ್ತದೆ, ಶಾಲು ಬೇಕೇ ಬೇಕು. ಒಳಾಂಗಣದಲ್ಲಿ ಏಸಿಯ ಚಳಿಗೂ ಅದೇ ಶಾಲು.

ಊಟದ ಡಬ್ಬಿ ಒಳಗೆ ಬಿಡುವುದಿಲ್ಲ. ನಾಲ್ಕೂವರೆ, ಐದಕ್ಕೆ ಇಡ್ಲಿಯೋ ಉಪ್ಪಿಟ್ಟೋ ತಿಂದು ಹೊರಡಿ. ಚಿತ್ರಾನ್ನದ ಡಬ್ಬಿ ಕಾರಿನಲ್ಲಿರಲಿ, ವಾಪಸ್ ಬರುವಾಗ ಬೇಕಾಗುತ್ತದೆ. ನೀರಿನ ಬಾಟಲಿ ಸೀಲ್ ಒಡೆಯದ್ದಾಗಿರಲಿ.

ಆ ಸಂಜೆ

ಸಮಾರಂಭ 7ಕ್ಕೆ ಎಂದರೆ ಗೌನು ತೊಟ್ಟ ಮಗು 5:30ಕ್ಕೆ ಶಾಲೆಯಲ್ಲಿರಬೇಕು. ಗೇಟು 5:30ರಿಂದ 6ರೊಳಗೆ ತೆರೆಯುತ್ತದೆ. 6:15ರ ಹೊತ್ತಿಗೆ ಪಾರ್ಕಿಂಗ್ ಭರ್ತಿ. ಮಗುವನ್ನು ಬಿಡುವ ಕಾರಿನಲ್ಲೇ ಅಜ್ಜ-ಅಜ್ಜಿಯನ್ನೂ ಒಬ್ಬ ದೊಡ್ಡವರನ್ನೂ ಗೇಟಿನ ಹತ್ತಿರ ಇಳಿಸಿ, ಆಮೇಲೆ ಕಾರು ನಿಲ್ಲಿಸಿ ಬನ್ನಿ. ಬಟ್ಟೆ ಹಾಸಿ ಜಾಗ ಹಿಡಿಯಲು ಎಷ್ಟೋ ಶಾಲೆಗಳು ಬಿಡುವುದಿಲ್ಲ, ಜನ ಕೂತಿರಬೇಕು. ಶೌಚಾಲಯಕ್ಕೆ 6:40ರೊಳಗೆ ಹೋಗಿ ಬನ್ನಿ. ಆಮೇಲೆ ಸಾಲು ಉದ್ದ, ಮೆರವಣಿಗೆ ಶುರುವಾದರೆ ದಾರಿ ಬಂದ್.

ಬ್ಯಾಂಡು ನುಡಿಸುವ ನಿಧಾನ ಗತಿಯ ರಾಗ ಕೇಳಿದರೆ ಮಕ್ಕಳು ಬರುತ್ತಿದ್ದಾರೆ ಎಂದರ್ಥ. ಇಂಗ್ಲೆಂಡಿನ ಎಡ್ವರ್ಡ್ ಎಲ್ಗಾರ್ 1901ರಲ್ಲಿ ರಚಿಸಿದ ‘ಪಾಂಪ್ ಅಂಡ್ ಸರ್ಕಮ್‌ಸ್ಟನ್ಸ್’ ಎಂಬ ಮೆರವಣಿಗೆ ಸಂಗೀತದ ನಡುವಿನ ಭಾಗ ಅದು. 1905ರಲ್ಲಿ ಯೇಲ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಾಗ ನುಡಿಸಿದ್ದು ಅಮೆರಿಕದಲ್ಲಿ ರೂಢಿಯಾಗಿ ಉಳಿಯಿತು. ಎಲ್ಲರೂ ಒಂದೇ ಬಣ್ಣದ ಗೌನಿನಲ್ಲಿರುವುದರಿಂದ ನಿಮ್ಮ ಮಗು ಸಿಗುವುದು ಕಷ್ಟ. ಸಾಲಿನ ಸಂಖ್ಯೆ ಬರೆದ ಚೀಟಿ ಈಗ ಕೆಲಸಕ್ಕೆ ಬರುತ್ತದೆ. ಟೋಪಿಯ ಮೇಲ್ಭಾಗ ಅಲಂಕರಿಸಲು ಶಾಲೆ ಬಿಟ್ಟರೆ ಮೇಲಿನಿಂದ ನೋಡುವವರಿಗೆ ಅದೇ ಗುರುತು.

ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಲ್ಲಬೇಕು, ಟೋಪಿ ತೆಗೆಯಬೇಕು. ಅಮೆರಿಕದ ಪ್ರಜೆಗಳು ಬಲಗೈಯನ್ನು ಎದೆಯ ಮೇಲಿಡುತ್ತಾರೆ. ಭಾರತದಿಂದ ಬಂದವರು ನೆಟ್ಟಗೆ ನಿಂತರೆ ಸಾಕು. ನಂತರ ಪ್ರಾಂಶುಪಾಲರ, ಅತಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿಯ ಭಾಷಣಗಳು. ಮಕ್ಕಳ ಕೊರಳಲ್ಲಿ ಬಣ್ಣಬಣ್ಣದ ದಾರ, ಪಟ್ಟಿ ಕಾಣುತ್ತವಲ್ಲ, ಅವು ಅಂಕ, ಸಮಾಜಸೇವೆ, ಸಂಗೀತ ಹೀಗೆ ಬೇರೆ ಬೇರೆ ಸಾಧನೆಯ ಗುರುತು. ಕ್ಯಾಲಿಫೋರ್ನಿಯಾದಲ್ಲಿ ಧಾರ್ಮಿಕ, ಸಾಂಸ್ಕೃತಿಕ ಮಹತ್ವದ ವಸ್ತುವನ್ನು ಗೌನಿನ ಜೊತೆ ತೊಡಲು 2019ರಿಂದ ಕಾನೂನೇ ಅವಕಾಶ ಕೊಟ್ಟಿದೆ. ಗೌನಿನ ಮೇಲೆ ಶಲ್ಯ ಹೊದೆಯಬೇಕೆಂದರೆ ಶಾಲೆಯೊಡನೆ ಮೊದಲೇ ಮಾತಾಡಿ. ಟೋಪಿಯ ಬದಲು ಪೇಟ ಇಡಲು ಆ ಕಾನೂನು ಹೇಳುವುದಿಲ್ಲ.

ಆ ಆರು ಸೆಕೆಂಡ್

ಕಾರ್ಯಕ್ರಮದ ಪುಸ್ತಿಕೆಯಲ್ಲಿ ಎಲ್ಲರ ಹೆಸರಿರುತ್ತದೆ. ನಿಮ್ಮ ಮಗು ಎಷ್ಟನೆಯದು ಎಣಿಸಿಕೊಳ್ಳಿ. 310ನೆಯದು ಎಂದಿಟ್ಟುಕೊಳ್ಳಿ. ಓದು ಶುರುವಾದಾಗ ಗಡಿಯಾರ ನೋಡಿ, ಮೊದಲ 20 ಹೆಸರಿಗೆ ಎಷ್ಟು ಹಿಡಿಯಿತೆಂದು ಗಮನಿಸಿ. ಎರಡು ನಿಮಿಷವಾದರೆ ನಿಮಿಷಕ್ಕೆ ಹತ್ತು, ನಿಮ್ಮದು 31ನೇ ನಿಮಿಷಕ್ಕೆ. ವಿದ್ಯಾರ್ಥಿ ಸಂಘದ ಪದಾಧಿಕಾರಿಗಳನ್ನು ಮೊದಲು ಕರೆಯುವ ಶಾಲೆಗಳಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಮಗುವಿನ ಸಾಲು ಎದ್ದು ವೇದಿಕೆಯತ್ತ ಹೊರಟಾಗ ತಯಾರಾಗಿ, ಪಕ್ಕಾ ಸೂಚನೆ ಅದೇ.

ಅಜ್ಜಿಯ ಕೈಗೆ ಫೋನ್ ಕೊಡಬೇಡಿ. ವಿಡಿಯೊ ಒಬ್ಬರು ತೆಗೆಯಲಿ, ಉಳಿದವರು ಕಣ್ಣಿನಿಂದ ನೋಡಲಿ. ತೆಗೆಯುವವರು ಎರಡು ಹೆಸರು ಮೊದಲೇ ರೆಕಾರ್ಡಿಂಗ್ ಶುರು ಮಾಡಲಿ, ಫೋನನ್ನು ಅಡ್ಡ ಹಿಡಿಯಲಿ, ಝೂಮ್ ಮೊದಲೇ ಹೊಂದಿಸಿಕೊಂಡು ನಡುವೆ ಬದಲಿಸದಿರಲಿ. ಬಿಸಿಲಿನಲ್ಲಿ ಎರಡು ಗಂಟೆ ಇಟ್ಟ ಫೋನ್ ಕಾದು ಕ್ಯಾಮೆರಾ ನಿಲ್ಲಿಸಿಬಿಡುತ್ತದೆ, ಅಲ್ಲಿಯವರೆಗೆ ನೆರಳಿನಲ್ಲಿ, ಶಾಲಿನಡಿ ಇಟ್ಟಿರಿ. ಹತ್ತಿರದ ಫೋಟೊ ಬಗ್ಗೆ ಚಿಂತೆ ಬೇಡ. ಸಾಮಾನ್ಯವಾಗಿ ಕೈಕುಲುಕುವ ಜಾಗದಲ್ಲೇ ವೃತ್ತಿಪರ ಛಾಯಾಗ್ರಾಹಕರು ನಿಂತಿರುತ್ತಾರೆ, ಆಮೇಲೆ ಕೊಳ್ಳಬಹುದು. ನಡುದಾರಿಗೆ ಇಳಿಯಬೇಡಿ.

ಹೆಸರು ಕೂಗಿದಾಗ ಎದ್ದು ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಕೂತುಬಿಡಿ. ಕೊನೆಯವರೆಗೆ ಚಪ್ಪಾಳೆ ಬೇಡವೆಂದು ಪ್ರಾಂಶುಪಾಲರು ಹೇಳಿದ್ದರೆ ಅದನ್ನು ಪಾಲಿಸಿ. ನಿಮ್ಮ ಕೂಗು ಮುಂದುವರಿದರೆ ಮುಂದಿನ ಮಗುವಿನ ಹೆಸರು ಅದರಡಿ ಮುಚ್ಚಿಹೋಗುತ್ತದೆ. ಆ ಮಗುವಿನ ಅಜ್ಜಿಯೂ ಎಲ್ಲಿಂದಲೋ ಬಂದಿರುತ್ತಾರೆ. ನಿಮ್ಮವರ ಸರದಿ ಆಯಿತೆಂದು ಎದ್ದು ಹೋಗುವುದೂ ಸರಿಯಲ್ಲ. ಅಕ್ಷರ ಕ್ರಮದಲ್ಲಿ ಕೊನೆಗೆ ಬರುವ ಯಶವಂತ್, ಝಾಂಗ್ ಎಂಬ ಹೆಸರಿನವರು ವೇದಿಕೆ ಹತ್ತುವಾಗ ಗ್ಯಾಲರಿ ಖಾಲಿಯಾಗಿರಬಾರದು.

ಎಲ್ಲ ಹೆಸರು ಮುಗಿದ ಮೇಲೆ ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ಒಟ್ಟಿಗೇ ತಿರುಗಿಸುತ್ತಾರೆ. ಫೋಟೊಗೆ ಇನ್ನೊಂದು ಒಳ್ಳೆಯ ಕ್ಷಣ ಇದು.

ಗುಡುಗು ಬಂದರೆ

ಮಳೆಗಿಂತ ಸಿಡಿಲಿಗೆ ಇಲ್ಲಿ ಹೆಚ್ಚು ಎಚ್ಚರ. ಗುಡುಗು ಕೇಳಿದರೆ ಅಥವಾ ಮಿಂಚು ಕಂಡರೆ ಎಲ್ಲರನ್ನೂ ಲೋಹದ ಗ್ಯಾಲರಿಯಿಂದ ಇಳಿಸುತ್ತಾರೆ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯುತ್ತಾರೆ. ಮತ್ತೆ ಗುಡುಗಿದರೆ ಲೆಕ್ಕ ಮತ್ತೆ ಮೊದಲಿನಿಂದ. ಕಾರಿಗೆ ಹೋಗಿ ಕೂರಿ, ಮರದಡಿ ಬೇಡ. ಶಾಲೆಯ ಸಂದೇಶ ಬರುವ ಫೋನ್ ಕೈಯಲ್ಲೇ ಇರಲಿ.

ಮೈದಾನದಲ್ಲಿ ಮಗುವನ್ನು ಹುಡುಕುವುದು

ಮುಗಿದ ಕೂಡಲೇ ಸಾವಿರಾರು ಜನ ಮೈದಾನಕ್ಕೆ ಇಳಿಯುತ್ತಾರೆ, ಫೋನ್ ಹತ್ತುವುದಿಲ್ಲ. ಸೇರುವ ಜಾಗ ಮೊದಲೇ ಗೊತ್ತು ಮಾಡಿ. ಹುಲ್ಲಿನ ಮೇಲೆ ಬರೆದ ಗಜದ ಸಂಖ್ಯೆ ನಂಬಬೇಡಿ. 10, 20, 30, 40 ಎರಡೆರಡು ಕಡೆ ಇರುತ್ತವೆ, ಒಂದೇ ಇರುವ 50ರ ಬಳಿ ಎಲ್ಲರೂ ಮುತ್ತುತ್ತಾರೆ. ‘ಸ್ಕೋರ್‌ಬೋರ್ಡ್ ಕಡೆಯ ಗೋಲ್ ಪೋಸ್ಟ್’ ಎಂದರೆ ತಪ್ಪುವುದಿಲ್ಲ.

ಹವಾಯಿಯಿಂದ ಬಂದ ಹೂವಿನ ಹಾರ ಹಾಕುವ ಪದ್ಧತಿ ಕ್ಯಾಲಿಫೋರ್ನಿಯಾದಲ್ಲಿ ಮನೆಮಾತು. ನಮ್ಮವರಿಗೆ ಇದು ಹೊಸದೇನಲ್ಲ. ಇಂಡಿಯನ್ ಅಂಗಡಿಯ ಮಲ್ಲಿಗೆ ಮಾಲೆಯನ್ನು ಒದ್ದೆ ಪೇಪರ್ ಟವೆಲ್ ಸುತ್ತಿ ಪಾರದರ್ಶಕ ಡಬ್ಬಿಯಲ್ಲಿಡಿ. ಸಮಾರಂಭ ಮುಗಿದ ಮೇಲೆ ಹಾಕಿ, ಮೆರವಣಿಗೆಯಲ್ಲಿ ಹಾರ ಬಿಡದ ಶಾಲೆಗಳಿವೆ. ಅಕ್ಷತೆ ಮನೆಯಲ್ಲೇ ಇರಲಿ, ಕೃತಕ ಹುಲ್ಲಿಗೆ ಬಿದ್ದ ಅಕ್ಕಿಕಾಳು ತೆಗೆಯಲಾಗುವುದಿಲ್ಲ. ಮಗು ಕಾಲಿಗೆ ನಮಸ್ಕರಿಸುವುದಾದರೆ ಜನ ಹರಿಯುವ ದಾರಿಯಿಂದ ಸ್ವಲ್ಪ ಬದಿಗೆ ಸರಿದು ನಿಲ್ಲಿ.

ಡಿಪ್ಲೊಮಾದ ಹೊದಿಕೆ ತೆರೆದರೆ ಒಳಗೆ ಏನೂ ಇಲ್ಲದಿರಬಹುದು. ಗಾಬರಿ ಬೇಡ. ಗ್ರಂಥಾಲಯದ ಪುಸ್ತಕ, ಶಾಲೆಯ ಲ್ಯಾಪ್‌ಟಾಪ್ ವಾಪಸ್ ಮಾಡಿ ಬಾಕಿ ತೀರಿಸಿದ ಮೇಲೆ ನಿಜವಾದ ಪತ್ರ ಸಿಗುತ್ತದೆ.

ಆ ರಾತ್ರಿ ದೊಡ್ಡ ಊಟ ಇಟ್ಟುಕೊಳ್ಳುವ ಮುನ್ನ ಮಗುವನ್ನು ಕೇಳಿ. ಬಹಳಷ್ಟು ಶಾಲೆಗಳು ಅಂದೇ ‘ಗ್ರಾಡ್ ನೈಟ್’ ಎಂದು ಬೆಳಗಿನವರೆಗೆ ಮೇಲ್ವಿಚಾರಣೆಯಲ್ಲಿ ಪಾರ್ಟಿ ನಡೆಸುತ್ತವೆ. ಹತ್ತಕ್ಕೆಲ್ಲ ಮಕ್ಕಳು ಬಸ್ ಹತ್ತಿರುತ್ತಾರೆ. ಮರುದಿನ ಮಧ್ಯಾಹ್ನದ ಊಟವೇ ಒಳ್ಳೆಯದು. ಪಾರ್ಕಿಂಗ್‌ನಿಂದ ಹೊರಬೀಳಲು ಮುಕ್ಕಾಲು ಗಂಟೆ ಬೇಕು, ಕಾರಿನಲ್ಲಿಟ್ಟ ಚಿತ್ರಾನ್ನ ಈಗ ತೆಗೆಯಿರಿ.

ಊರಿನಲ್ಲಿ ಕೂತು ನೋಡುವವರಿಗೆ

ಹೆಚ್ಚಿನ ಶಾಲೆಗಳು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುತ್ತವೆ. ಬೇಸಿಗೆಯಲ್ಲಿ ಭಾರತದ ಗಡಿಯಾರ ಕ್ಯಾಲಿಫೋರ್ನಿಯಾಕ್ಕಿಂತ 12:30 ಗಂಟೆ, ಟೆಕ್ಸಾಸ್‌ನ ಡಾಲಸ್‌ಗಿಂತ 10:30 ಗಂಟೆ, ನ್ಯೂಜೆರ್ಸಿಗಿಂತ 9:30 ಗಂಟೆ ಮುಂದು. ಡಾಲಸ್‌ನಲ್ಲಿ ಶುಕ್ರವಾರ ಸಂಜೆ 6 ಎಂದರೆ ಬೆಂಗಳೂರಿನಲ್ಲಿ ಶನಿವಾರ ಬೆಳಗಿನ ಜಾವ 4:30. ಶುಕ್ರವಾರ ಬೆಳಗಿನ ಜಾವ ಅಲಾರಂ ಇಟ್ಟು ಎದ್ದು ಕಾಯುವ ತಪ್ಪು ಸಾಮಾನ್ಯ, ಆದ್ದರಿಂದ ಲಿಂಕ್ ಕಳಿಸುವಾಗ ಭಾರತದ ವಾರ, ಸಮಯ ಎರಡನ್ನೂ ಕನ್ನಡದಲ್ಲೇ ಬರೆದು ಕಳಿಸಿ. ಮಗು ಎಷ್ಟನೆಯ ಹೆಸರು ಎನ್ನುವುದನ್ನೂ ಬರೆಯಿರಿ. ಎದ್ದೇಳಲಾಗದ ಮುತ್ತಜ್ಜಿ ಇದ್ದರೆ ಆಮೇಲೆ ವಿಡಿಯೊ ಎಷ್ಟನೇ ನಿಮಿಷಕ್ಕೆ ಹಾಕಬೇಕೆಂದು ಹುಡುಕಿ ತಿಳಿಸಿ, ಅವರೂ ಆ 6 ಸೆಕೆಂಡ್ ನೋಡಲಿ.